ಕೊಪ್ಪಳದ ಒಂದು ಡಿಟಿಪಿ ಅಂಗಡಿ: ಮಕ್ಕಳು ಬರೆದ ಬದುಕಿನ ಕಥೆಗೆ ಇಲ್ಲಿಗೇ ಹೋಗಿ

ಕಾಲೇಜು ಮಕ್ಕಳು ಹಿರಿಯರ ಹತ್ತಿರ ಕೂತು ಅವರ ಬದುಕಿನ ಕಥೆ ಕೇಳಿ ಬರೆದಿದ್ದಾರೆ, ಈಗ ಅದನ್ನು ಪುಸ್ತಕ ಮಾಡಬೇಕು ಅಂದರೆ ಕೊಪ್ಪಳದಲ್ಲಿ ನಾನು ಕಣ್ಣು ಮುಚ್ಚಿ ಕಳಿಸುವುದು ಒಂದೇ ಡಿಟಿಪಿ ಅಂಗಡಿಗೆ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪುಟ ಕಟ್ಟಿ ಕೊಡುವ ಅಂಗಡಿಗೆ. ಜವಾಹರ ರಸ್ತೆಯಿಂದ ಒಳಗೆ ತಿರುಗಿ, ಬಳೆ ಅಂಗಡಿ ದಾಟಿ, ಮೆಟ್ಟಿಲು ಹತ್ತಿದರೆ ಸಿಗುತ್ತದೆ. ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಒಂದು ಕಟಿಂಗ್ ಯಂತ್ರ, ಗೋಡೆಗೆ ಒತ್ತಿದ ಒಂದು ಬೆಂಚು, ಇಷ್ಟೇ. ಹೆಸರು ಹಾಕಬೇಡಿ ಅಂತ ಮಾಲೀಕರೇ ಕೇಳಿಕೊಂಡರು. ಈಗಲೇ ಕೆಲಸ ಜಾಸ್ತಿ, ಇನ್ನೂ ಜನ ಬಂದರೆ ಯಾರಿಗೂ ನ್ಯಾಯ ಸಿಗುವುದಿಲ್ಲ ಅನ್ನುವುದು ಅವರ ಮಾತು. ಹಾಗಾಗಿ ಗುರುತು ಇಷ್ಟೇ ಕೊಡುತ್ತಿದ್ದೇನೆ. ಹುಡುಕುವವರಿಗೆ ಸಿಗುತ್ತದೆ.

ನಾನು ಈ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಿ.ಎ. ಮಕ್ಕಳಿಗೆ ಆತ್ಮಕಥೆ, ಜೀವನಚರಿತ್ರೆ ಅಂತ ಪಾಠ ಇರುತ್ತದೆ. ಲಕ್ಷಣ ಹೇಳಿ, ಉದಾಹರಣೆ ಹೇಳಿ, ನೋಟ್ಸ್ ಕೊಟ್ಟರೆ ಪರೀಕ್ಷೆ ಪಾಸಾಗುತ್ತಾರೆ. ಆದರೆ ಒಬ್ಬರ ಬದುಕನ್ನು ಬರಹಕ್ಕೆ ತರುವುದು ಏನು ಅಂತ ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಐದೈದು ಮಕ್ಕಳ ಗುಂಪು ಮಾಡಿ, ಗುಂಪಿಗೊಬ್ಬ ಹಿರಿಯರನ್ನು ಗೊತ್ತು ಮಾಡಿ, ಅವರ ಕಥೆ ಕೇಳಿ ಬರೆಯುವ ಕೆಲಸ ಕೊಡುತ್ತೇನೆ. ಒಬ್ಬರು ಕೇಳಬೇಕು. ಒಬ್ಬರು ಫೋನಿನಲ್ಲಿ ರೆಕಾರ್ಡ್ ಮಾಡಬೇಕು. ಒಬ್ಬರು ಬರೆದುಕೊಳ್ಳಬೇಕು. ಇನ್ನೊಬ್ಬರು ಸುಮ್ನೆ ನೋಡಬೇಕು: ಮನೆ, ಕೈ, ಗೋಡೆಯ ಮೇಲಿನ ಫೋಟೋ, ಮಾತು ಎಲ್ಲಿ ನಿಂತಿತು, ಯಾರು ಬಂದಾಗ ದನಿ ಇಳಿಯಿತು. ಐದನೆಯವರ ಕೆಲಸ ಕಾಗದ ಪತ್ರ. ಹಳೆ ರೇಷನ್ ಕಾರ್ಡು, ಪಹಣಿ, ಮದುವೆ ಕರೆಯೋಲೆ, ಶಾಲೆಯ ದಾಖಲೆ. ಎರಡನೇ ಸಲ ಕೂತಾಗ ಕೆಲಸ ಅದಲು ಬದಲು.

ಹಿರಿಯರು ಗುಂಪಿನಲ್ಲಿ ಯಾರಾದರೂ ಒಬ್ಬರ ಮನೆಯವರೇ ಆಗಿರಬೇಕು. ಆದರೆ ಆ ಮನೆಯ ಹುಡುಗ ಅಥವಾ ಹುಡುಗಿ ಪ್ರಶ್ನೆ ಕೇಳುವಂತಿಲ್ಲ. ಇದೊಂದು ನಿಯಮ ನಾನು ಬಿಟ್ಟುಕೊಡುವುದಿಲ್ಲ. ಯಾಕಂದರೆ ಮೊಮ್ಮಗ ಕೇಳಿದರೆ ಅಜ್ಜಿ 'ನಿನಗ ಗೊತ್ತಿದ್ದದ್ದ ಐತಲ್ಲೋ' ಅಂದು ಅರ್ಧ ಕಥೆ ಹಾರಿಸಿಬಿಡುತ್ತಾಳೆ. ಬೇರೆ ಮಕ್ಕಳು ಕೇಳಿದರೆ ಬುಡದಿಂದ ಹೇಳುತ್ತಾಳೆ. ಮೊಮ್ಮಗ ಪಕ್ಕದಲ್ಲಿ ಕೂತು, ತನ್ನ ಅಜ್ಜಿಯ ಬಾಯಿಂದ ತಾನು ಕೇಳದ ಮಾತು ಕೇಳುತ್ತಾನೆ. ಗುಂಪಿನಲ್ಲಿ ಹುಡುಗಿಯರು ಇದ್ದರಂತೂ ಹೆಂಗಸರು ಹೇಳುವ ಕಥೆಯೇ ಬೇರೆ. ಒಬ್ಬನೇ ಹುಡುಗ ನೋಟ್‌ಬುಕ್ ಹಿಡಿದು ಹೋದರೆ ಅವರು ಬಾಯಿ ಬಿಡುವುದು ಕಷ್ಟ, ಅಲ್ವಾ?

ಸಿಕ್ಕ ಕಥೆಗಳು ಎಂಥವು ಅಂತ ಹೇಳದಿದ್ದರೆ ಅಂಗಡಿಯ ಬೆಲೆ ತಿಳಿಯುವುದಿಲ್ಲ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಕೆಲಸ ಮಾಡಿದ ಒಬ್ಬ ಅವ್ವ. ಭಾಗ್ಯನಗರ ಒಂದು ಕಡೆ ಮಗ್ಗಕ್ಕೆ, ಇನ್ನೊಂದು ಕಡೆ ತಲೆಗೂದಲಿನ ವ್ಯಾಪಾರಕ್ಕೆ ಹೆಸರಾದ ಊರು, ಇಲ್ಲಿಯವರಿಗೆ ಗೊತ್ತು. ಕಿನ್ನಾಳದ ಒಬ್ಬ ಚಿತ್ರಗಾರ ಅಜ್ಜ, ಹಗುರ ಕಟ್ಟಿಗೆಯ ಗೊಂಬೆಗೆ ಹುಣಸೆ ಬೀಜದ ಅಂಟು ಹಾಕಿ ಮೈ ತುಂಬುವವರು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿ, ಬೇರೆ ಕಡೆ ಬಂದು ಬಾಳು ಕಟ್ಟಿದ ಮನೆಯ ಒಬ್ಬ ಅಜ್ಜಿ. 1945ರಲ್ಲಿ ಆ ಕಟ್ಟೆಯ ಕೆಲಸ ಶುರುವಾಗಿ 1953ರಲ್ಲಿ ನೀರು ಬಿಟ್ಟರು. ಆಗ ಅವರು ಸಣ್ಣ ಹುಡುಗಿ. ಮತ್ತೆ ನಮ್ಮ ಕಡೆಯ ಒಬ್ಬ ಹಿರಿಯ ಅಜ್ಜ, ಹೈದರಾಬಾದ್ ನಿಜಾಮನ ಪರ ನಿಂತು ಜನರ ಮೇಲೆ ದಾಳಿ ಮಾಡುತ್ತಿದ್ದ ರಜಾಕಾರರ ಕಾಲದಲ್ಲಿ ಮನೆಯವರ ಜೊತೆ ರಾತ್ರೋರಾತ್ರಿ ನಿಜಾಮನ ರಾಜ್ಯದ ಗಡಿ ದಾಟಿ ಮುಂಡರಗಿ ಕಡೆ ಹೋದವರು. ದೇಶಕ್ಕೆ 1947ರ ಆಗಸ್ಟ್‌ನಲ್ಲಿ ಸ್ವಾತಂತ್ರ್ಯ ಬಂದರೂ ನಿಜಾಮನ ರಾಜ್ಯದಲ್ಲಿದ್ದ ಕೊಪ್ಪಳಕ್ಕೆ ಅದು ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಪುಸ್ತಕದಲ್ಲಿ ಇದು ಒಂದು ಸಾಲು. ಆ ಅಜ್ಜನ ಬಾಯಲ್ಲಿ ಅದು ಎತ್ತಿನ ಕೊರಳ ಗಂಟೆಗೆ ಬಟ್ಟೆ ಸುತ್ತಿ ಗಾಡಿ ಹೂಡಿದ ರಾತ್ರಿ.

ಇಂಥ ಮಾತು ಕೈಯಿಂದ ಕೈಗೆ ದಾಟುವಾಗ ಕೆಡುತ್ತದೆ. ಕೆಡಿಸುವವರು ಕೆಟ್ಟವರಲ್ಲ. ಎಲ್ಲರೂ ಚೆಂದ ಮಾಡಲು ಹೋಗುತ್ತಾರೆ. ಬರೆಯುವ ಹುಡುಗಿ ಅಜ್ಜಿಯ ಮಾತನ್ನು 'ಶುದ್ಧ' ಮಾಡುತ್ತಾಳೆ. ಟೈಪ್ ಮಾಡುವವರು ಅದನ್ನು ಇನ್ನಷ್ಟು ತಿದ್ದುತ್ತಾರೆ. ಕೊನೆಗೆ ಐದು ಗುಂಪಿನ ಐದು ಹಿರಿಯರೂ ಒಂದೇ ದನಿಯಲ್ಲಿ ಮಾತಾಡುತ್ತಾರೆ, ಅದೂ ಭಾಷಣದ ದನಿಯಲ್ಲಿ. ನಾನು ನೋಡಿದ ಹೆಚ್ಚಿನ ಪ್ರಾಜೆಕ್ಟುಗಳು ಸಾಯುವುದು ಇಲ್ಲೇ. ಈ ಅಂಗಡಿ ಅದನ್ನು ಸಾಯಲು ಬಿಡುವುದಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೂದಲ ಕೆಲಸದ ಅವ್ವನ ಕಥೆಯಲ್ಲಿ ನಮ್ಮ ಮಕ್ಕಳು ಹೀಗೆ ಬರೆದುಕೊಟ್ಟಿದ್ದರು: 'ನಾನು ಕಷ್ಟಪಟ್ಟು ದುಡಿದು ನನ್ನ ಕುಟುಂಬವನ್ನು ಸಾಕಿದೆನು.' ಟೈಪ್ ಮಾಡುತ್ತಿದ್ದ ಮಾಲೀಕರು ಕೈ ನಿಲ್ಲಿಸಿ, ಕನ್ನಡಕ ತಲೆಗೇರಿಸಿ, ಬೆಂಚಿನ ಕಡೆ ತಿರುಗಿದರು.

'ಇದು ಅವ್ವನ ಮಾತೋ, ನಿಮ್ಮ ಮಾತೋ?'

'ಅವ್ವಂದ ರೀ ಅಣ್ಣಾರ.'

'ಭಾಗ್ಯನಗರದಾಗ ಯಾವ ಅವ್ವ ಹಿಂಗ ಮಾತಾಡ್ತಾಳವಾ? ಫೋನ್ ಐತಲ್ಲ, ಹಚ್ಚು ನೋಡೂಣು.'

ಹಚ್ಚಿದರು. ಹಿಂದೆ ಮಿಕ್ಸಿ ಸದ್ದು, ಮಗು ಅಳುವುದು, ನಡುವೆ ಅವ್ವನ ದನಿ. 'ಕೂದಲ ಬಿಡಿಸಿ ಬಿಡಿಸಿ ಉಣ್ಣೂ ಗಂಗಾಳದಾಗೂ ಕೂದಲಾನ ಕಾಣತಿತ್ತು. ಮದಿವಿಗೆ ಹೋದ್ರ ಮಂದಿ ಜಡಿ ನೋಡಿ, ಇದು ಎಷ್ಟಕ್ಕ ಹೊಕ್ಕೈತಿ ಅಂತ ಮನಸಿನ್ಯಾಗ ರೇಟ್ ಹಾಕತಿದ್ದೆ.' ಬೆಂಚಿನ ಮೇಲಿದ್ದ ಐದೂ ಮಕ್ಕಳು ನಕ್ಕರು. ಆ ಮಾತು ಅವರು ಮೊದಲೇ ಕೇಳಿದ್ದರು, ಅವರೆದುರೇ ಹೇಳಿದ್ದು. ಆದರೆ 'ಬದುಕಿನ ಕಥೆ' ಅಂದರೆ ಇಂಥದ್ದು ಬರೆಯಬಾರದು ಅಂತ ಬಿಟ್ಟಿದ್ದರಂತೆ. ಮಾಲೀಕರು ಬೇರೇನೂ ಹೇಳಲಿಲ್ಲ. 'ಇದನ್ನ ಹಾಕೂಣು, ಅದನ್ನ ತಗೀಲಾ?' ಅಂದರು. ಮಕ್ಕಳು ತಗೀರಿ ಅಂದರು. ಈಗ ಆ ಪುಸ್ತಕ ಶುರುವಾಗುವುದೇ ಆ ಜಡೆಯ ಮಾತಿನಿಂದ.

ನಾನು ಅವತ್ತು ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಇದೇ ಮಾತನ್ನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ವಿವರಿಸಿದರೆ ಅರ್ಧ ಗಂಟೆ ಬೇಕು. ಅಲ್ಲಿ ಅದು ಒಂದು ಪ್ರಶ್ನೆಯಲ್ಲಿ ಮುಗಿಯಿತು. ಕೇಳಿದವರು ಮೇಷ್ಟ್ರಲ್ಲ, ಅಂಕ ಕೊಡುವವರೂ ಅಲ್ಲ, ಸುಮ್ನೆ ಓದುವ ಒಬ್ಬ ಮನುಷ್ಯ. ಅದಕ್ಕೇ ಅದು ನಾಟಿತು ಅನ್ನುವುದು ನನ್ನ ಲೆಕ್ಕ.

ಮಾಲೀಕರಿಗೆ ಅರವತ್ತರ ಆಸುಪಾಸು ವಯಸ್ಸು. ಹಳೆಯದೆಲ್ಲ ಗೊತ್ತು. ಗಡಿ ದಾಟಿದ ಅಜ್ಜನ ಕಥೆಯಲ್ಲಿ ಒಬ್ಬ ಹುಡುಗ 'ಹಾಲು ಸಿಕ್ಕಾಗ ಹತ್ತು ರೂಪಾಯಿ ಕೊಟ್ಟು ಎತ್ತು ಬಿಡಿಸಿಕೊಂಡು ಬಂದ್ವಿ' ಅಂತ ಬರೆದಿದ್ದ. ರೆಕಾರ್ಡಿಂಗ್ ಕೇಳಿದರೂ ಅವನಿಗೆ ಹಾಗೇ ಕೇಳಿಸುತ್ತಿತ್ತು. ಮಾಲೀಕರು ಒಮ್ಮೆ ಓದಿ, 'ಹಾಲೂ ಇಲ್ಲ ಮೊಸರೂ ಇಲ್ಲ, ಅದು ಹಾಲಿ ಸಿಕ್ಕಾ' ಅಂದರು. ನಿಜಾಮನ ರಾಜ್ಯದಲ್ಲಿ ನಡೆಯುತ್ತಿದ್ದ ನಾಣ್ಯ ಅದು. ಬ್ರಿಟಿಷರ ಆರು ರೂಪಾಯಿಗೆ ಹಾಲಿ ಸಿಕ್ಕಾ ಏಳು. ಗಡಿಯ ಈಚೆ ಒಂದು ದುಡ್ಡು, ಆಚೆ ಇನ್ನೊಂದು ದುಡ್ಡು. ಗಡಿ ದಾಟಿದ ಕುಟುಂಬಕ್ಕೆ ಕೈಯಲ್ಲಿದ್ದ ಹಣದ ಬೆಲೆಯೇ ಇಳಿದಿತ್ತು. ಮಕ್ಕಳು ಮತ್ತೆ ಅಜ್ಜನ ಹತ್ತಿರ ಹೋಗಿ ಅದನ್ನೇ ಕೇಳಿದರು. ದುಡ್ಡು ಎಲ್ಲಿ ಬದಲಾಯಿಸಿದಿರಿ, ಯಾರು ಎಷ್ಟು ಹಿಡಿದುಕೊಂಡರು, ಮನೆಯಲ್ಲಿ ದುಡ್ಡು ಯಾರ ಕೈಯಲ್ಲಿತ್ತು. ಒಂದು ಸಾಲಿದ್ದದ್ದು ಎರಡು ಪುಟ ಆಯಿತು, ಆ ಪುಸ್ತಕದ ಎಲ್ಲಕ್ಕಿಂತ ಒಳ್ಳೆಯ ಎರಡು ಪುಟ.

ಎಲ್ಲ ಡಿಟಿಪಿ ಅಂಗಡಿಯಲ್ಲಿ ಇಷ್ಟು ಸಿಗಬೇಕು ಅಂತ ನಾನು ಕೇಳುವುದಿಲ್ಲ. ಆದರೆ ಓದದೆ ಟೈಪ್ ಮಾಡುವುದಕ್ಕೂ ಓದಿ ಟೈಪ್ ಮಾಡುವುದಕ್ಕೂ ಇರುವ ವ್ಯತ್ಯಾಸ ಇದು.

ಇನ್ನು ಕೆಲಸದ ಸಂಗತಿ. ಇವರು ಪ್ರತಿ ಪುಸ್ತಕಕ್ಕೂ ಒಂದು ಚೀಟಿ ಮಾಡಿ ಮಾನಿಟರಿನ ಪಕ್ಕ ಅಂಟಿಸಿಕೊಳ್ಳುತ್ತಾರೆ. ಈ ಅಜ್ಜಿಗೆ 'ಹೊಂಟಿದ್ವಿ', ಆ ಅಜ್ಜನಿಗೆ 'ಹೋಗಾಕತ್ತಿದ್ವಿ'. ಇವರು 'ಐತಿ' ಅನ್ನುತ್ತಾರೆ, ಅವರು 'ಅದ' ಅನ್ನುತ್ತಾರೆ. ಗುಂಪಿನಲ್ಲಿ ಮೂವರು ಮೂರು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿರುತ್ತಾರೆ, ಒಂದೇ ಮಾತನ್ನು ಮೂರು ರೀತಿ ಬರೆದಿರುತ್ತಾರೆ. ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಇವರು ತೀರ್ಮಾನ ಮಾಡುವುದಿಲ್ಲ. ಚೀಟಿ ಖಾಲಿ ಬಿಟ್ಟು, 'ನೀವ ಕುಂತು ಮಾತಾಡ್ಕೊಂಡು ತುಂಬ್ರಿ' ಅನ್ನುತ್ತಾರೆ. ಮಕ್ಕಳು ಬೆಂಚಿನ ಮೇಲೆ ಕೂತು ವಾದ ಮಾಡುತ್ತಾರೆ. ಯಲಬುರ್ಗಾದ ಹುಡುಗಿಯ ಕಿವಿಗೆ ಒಂದು, ಗಂಗಾವತಿ ಹುಡುಗನ ಕಿವಿಗೆ ಒಂದು. ಗುಂಪಿನ ಕೆಲಸ ಅಂದರೆ ಇದೇ ಅಲ್ವಾ? ಕೆಲಸ ಹಂಚಿಕೊಂಡು ಬೇರೆ ಬೇರೆ ಮಾಡಿ ಕೊನೆಗೆ ಪಿನ್ ಹೊಡೆದರೆ ಅದು ಐದು ಜನರ ಐದು ಹಾಳೆ, ಅಷ್ಟೇ.

ಅಕ್ಷರದ ತಾಂತ್ರಿಕ ತೊಂದರೆ ಗೊತ್ತಿರುವವರಿಗೆ ಇದು ಮುಖ್ಯ. ಮಕ್ಕಳು ಫೋನಿನಲ್ಲಿ ಟೈಪ್ ಮಾಡುವುದು ಯೂನಿಕೋಡಿನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲಿ. ಅಂಗಡಿಗಳಲ್ಲಿ ಇನ್ನೂ ಬೇರೆ ಸಂಕೇತದ ಹಳೆ ನುಡಿ ಫಾಂಟಿನಲ್ಲಿ, ಪುಟ ಕಟ್ಟುವ ಪೇಜ್‌ಮೇಕರ್ ಕೆಲಸ ನಡೆಯುತ್ತದೆ. ಒಂದರಿಂದ ಇನ್ನೊಂದಕ್ಕೆ ಹಾಕುವಾಗ ಒತ್ತಕ್ಷರ, ಅರ್ಕಾವತ್ತು ಎಲ್ಲ ಹಾರಿ ಬೇರೆ ಕಡೆ ಕೂರುತ್ತವೆ. 'ಬಸ್‌ನಲ್ಲಿ' ಅನ್ನುವುದು 'ಬಸ್ನಲ್ಲಿ' ಆಗುತ್ತದೆ. ನಮ್ಮ ಕಡೆಯ ಮಾತಿನಲ್ಲಿ ಅರ್ಧ ಅಕ್ಷರ ಜಾಸ್ತಿ, ಹಾಗಾಗಿ ತಪ್ಪೂ ಜಾಸ್ತಿ. ಇವರು ಎರಡೂ ಇಟ್ಟುಕೊಂಡಿದ್ದಾರೆ. ಕೈಬರಹ ಬಂದರೆ ನುಡಿಯಲ್ಲಿ ಮಾಡುತ್ತಾರೆ, ಫೋನಿನಿಂದ ಬಂದರೆ ಯೂನಿಕೋಡಿನಲ್ಲೇ ಪುಟ ಕಟ್ಟುತ್ತಾರೆ. ಅದಲು ಬದಲು ಮಾಡಲೇಬೇಕಾದರೆ ಮೊದಲೇ ಹೇಳಿ, ಹೆಚ್ಚು ಕೆಡುವ ಅಕ್ಷರ ಯಾವುವು ಅಂತ ಮಕ್ಕಳಿಗೆ ತೋರಿಸಿ, ಆಮೇಲೆ ಕರಡು ಕೊಡುತ್ತಾರೆ.

ಮಾತನ್ನು ಹೇಳಿದರೆ ತಾನೇ ಬರೆದುಕೊಳ್ಳುವ ಫೋನಿನ ಸೌಲಭ್ಯವನ್ನು ಮಕ್ಕಳು ಬಳಸುತ್ತಾರೆ, ಬೇಡ ಅನ್ನಲು ಆಗುವುದಿಲ್ಲ. ಒಂದು ಗಂಟೆ ಮಾತು ಕೇಳಿ ಬರೆದಿಳಿಸಲು ಐದಾರು ಗಂಟೆ ಬೇಕು, ಆ ಶ್ರಮ ನನಗೂ ಗೊತ್ತು. ಆದರೆ ಅದು ಪುಸ್ತಕದ ಕನ್ನಡಕ್ಕೆ ಒಗ್ಗಿದ್ದು. ಕೊಪ್ಪಳದ ಅಜ್ಜಿಯ ಹಲ್ಲಿಲ್ಲದ ಮಾತಿಗೆ ಅಲ್ಲ. ಅದರಿಂದ ಬಂದ ಬರಹ ಯಾವುದು ಅಂತ ಇವರು ಒಂದು ಪ್ಯಾರಾ ಓದಿಯೇ ಹೇಳುತ್ತಾರೆ.

ಕರಡು ತಿದ್ದುವ ಕ್ರಮ ನನಗೆ ಬಹಳ ಹಿಡಿಸಿತು. ಒಬ್ಬರು ಬಂದು ಕರಡು ತೆಗೆದುಕೊಂಡು ಹೋಗುವಂತಿಲ್ಲ. ಗುಂಪಿನ ಐದೂ ಜನ ಬರಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಒಬ್ಬರು ಇಯರ್‌ಫೋನ್ ಹಾಕಿ ರೆಕಾರ್ಡಿಂಗ್ ಕೇಳಬೇಕು, ಒಬ್ಬರು ಕೆಂಪು ಪೆನ್ನು ಹಿಡಿಯಬೇಕು. ಉಳಿದವರು ಇಸವಿ, ಊರು, ಸಂಬಂಧ ನೋಡಬೇಕು. ಹೀಗೆ ಓದುವಾಗಲೇ ಒಂದು ಸಿಕ್ಕಿತು. 1960ರ ದಶಕದ ಒಂದು ಕಾಗದದಲ್ಲಿ 'ರಾಯಚೂರು ಜಿಲ್ಲೆ' ಅಂತ ಇದ್ದದ್ದನ್ನು ಒಬ್ಬ ಹುಡುಗಿ ತಪ್ಪು ಅಂದುಕೊಂಡು 'ಕೊಪ್ಪಳ ಜಿಲ್ಲೆ' ಮಾಡಿದ್ದಳು. ಕೊಪ್ಪಳ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಈ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದು ಕೊಪ್ಪಳ ಜಿಲ್ಲೆಯನ್ನೇ. ಅವಳ ಗುಂಪಿನ ಹುಡುಗನೇ ಅದನ್ನು ಹಿಡಿದ. ಅವರ ಮನೆಯಲ್ಲಿ ಅವರಪ್ಪ ಕೋರ್ಟು ಕಚೇರಿಗೆ ರಾಯಚೂರಿಗೆ ಅಲೆದ ಮಾತು ಆಗಾಗ ಬರುತ್ತಿತ್ತಂತೆ.

ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಕರಡು ಆದ ಮೇಲೆ ಹಿರಿಯರಿಗೆ ಒಮ್ಮೆ ಓದಿ ಕೇಳಿಸಿ, ಅವರು ಬೇಡ ಅಂದದ್ದನ್ನು ತೆಗೆಯುವುದು ನಮ್ಮ ನಿಯಮ. ಓದು ಬರುವ ಹಿರಿಯರು ತಾವೇ ಓದುತ್ತೇವೆ ಅನ್ನುತ್ತಾರೆ. ಆದರೆ ಕಣ್ಣು ಮಂಜು. ಕಿನ್ನಾಳದ ಅಜ್ಜ ಕರಡು ದೂರ ಹಿಡಿದು ಹತ್ತಿರ ಹಿಡಿದು ಕೊನೆಗೆ ಮಡಚಿ ಇಟ್ಟರು. ಇದನ್ನು ಹೇಳಿದಾಗ ಮಾಲೀಕರು ಅದೇ ಬರಹವನ್ನು 20 ಪಾಯಿಂಟ್ ಅಕ್ಷರದಲ್ಲಿ, ಸಾಲಿನ ನಡುವೆ ಜಾಗ ಬಿಟ್ಟು, ಒಂದೇ ಬದಿಗೆ ಮುದ್ರಿಸಿ ಕೊಟ್ಟರು. ಈಗ ಪ್ರತಿ ಗುಂಪಿಗೂ ಇಂಥ ಒಂದು ದೊಡ್ಡಕ್ಷರದ ಪ್ರತಿ ಕೊಡುತ್ತಾರೆ. ಹಾಳೆ ದುಡ್ಡು ಅಷ್ಟೇ ತಗೊಳ್ಳುತ್ತಾರೆ. ಕಿನ್ನಾಳದ ಅಜ್ಜ ಅದನ್ನು ಜಗುಲಿಯ ಮೇಲೆ ಕೂತು ಪೂರ್ತಿ ಓದಿ, ಪೆನ್ಸಿಲಿನಿಂದ ಗುರುತು ಹಾಕಿ ಕಳಿಸಿದರು. ಬಣ್ಣ ಹಚ್ಚುವ ಮೊದಲು ಯಾವ ಕೆಲಸ ಯಾವ ಕ್ರಮದಲ್ಲಿ ಅಂತ ಮಕ್ಕಳು ತಿರುವು ಮುರುವು ಬರೆದಿದ್ದರು, ಅದನ್ನು ಪಕ್ಕದಲ್ಲಿ ಸರಿಯಾಗಿ ಬರೆದಿದ್ದರು. ಇನ್ನೊಂದು ಕಡೆ ತಮ್ಮ ತಮ್ಮನ ಬಗ್ಗೆ ಹೇಳಿದ ಒಂದು ಮಾತಿನ ಮೇಲೆ ಗೀಟು ಎಳೆದಿದ್ದರು. ಅದನ್ನು ತೆಗೆದೆವು. ಯಾಕೆ ಅಂತ ಯಾರೂ ಕೇಳಲಿಲ್ಲ, ಕೇಳಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿದ್ದೆ. ಇಂಥ ತಿದ್ದುಪಡಿಗೆ ಅಂಗಡಿಯವರು ಮತ್ತೆ ದುಡ್ಡು ಕೇಳುವುದಿಲ್ಲ. ಬೇರೆ ಕಡೆ ಪುಟ ಕಟ್ಟಿದ ಮೇಲೆ ಒಂದು ಸಾಲು ಎತ್ತಬೇಕಂದರೂ ಮುಖ ಸಿಂಡರಿಸುತ್ತಾರೆ.

ಮೊದಲು ನಾವು ಬೇರೊಂದು ಅಂಗಡಿಗೆ ಹೋಗುತ್ತಿದ್ದೆವು. ಹೆಸರು ಬೇಡ. ಕೆಲಸ ಬೇಗ ಮಾಡುತ್ತಿದ್ದರು, ಮುಖಪುಟ ಝಗಮಗ ಇರುತ್ತಿತ್ತು. ಆದರೆ ಒಂದು ಗುಂಪಿನ ಪುಸ್ತಕದ ಹೆಚ್ಚುವರಿ ಪ್ರತಿಯನ್ನು ಮಾದರಿ ಅಂತ ಕೌಂಟರಿನ ಮೇಲೆ ಇಟ್ಟುಬಿಟ್ಟರು. ಬಂದವರೆಲ್ಲ ತಿರುವಿ ಹಾಕಿದರು. ಅದರಲ್ಲಿ ಒಬ್ಬ ಅಜ್ಜಿ ತನ್ನ ಮೊದಲ ಮದುವೆಯ ವಿಷಯ ಹೇಳಿದ್ದರು. ಹೆಸರು ಬದಲಾಯಿಸಿದ್ದೆವು, ಆದರೂ ಊರಿನವರಿಗೆ ಗುರುತು ಹತ್ತಲು ಹೆಸರು ಬೇಕಾ? ಆ ಮನೆಯ ಹುಡುಗಿ ವಾರಗಟ್ಟಲೆ ತರಗತಿಗೆ ಬರಲಿಲ್ಲ. ಮನೆಯವರು ನನ್ನ ಮೇಲೆ ಸಿಟ್ಟಾದರು, ಆ ಸಿಟ್ಟು ನ್ಯಾಯವಾದದ್ದು. ಮದುವೆ ಕಾರ್ಡಿನ ಮಾದರಿ ಇಟ್ಟ ಹಾಗೆ ಒಬ್ಬರ ಬದುಕನ್ನು ಕೌಂಟರಿನ ಮೇಲೆ ಇಡುವ ಹಾಗಿಲ್ಲ. ಹೇಳಿದ್ದಕ್ಕೆ ಆ ಅಂಗಡಿಯವರು 'ಏನ್ ಮೇಡಂ, ಮಕ್ಕಳ ಪ್ರಾಜೆಕ್ಟ್ ತಾನೇ' ಅಂದರು. ಅಲ್ಲಿಂದ ಹೊರಬಂದವಳು ಮತ್ತೆ ಹೋಗಿಲ್ಲ.

ಈ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದೇ ಇದನ್ನು. ಪುಸ್ತಕ ಕೈಗೆ ಕೊಟ್ಟ ಮೇಲೆ ಮಕ್ಕಳ ಎದುರಿಗೇ ಫೈಲ್ ಪೆನ್ ಡ್ರೈವಿಗೆ ಹಾಕಿ, ತಮ್ಮ ಕಂಪ್ಯೂಟರಿನಿಂದ ಅಳಿಸುತ್ತಾರೆ. ಕೆಟ್ಟ ಪ್ರತಿ, ಕರಡು ಹಾಳೆ ಎಲ್ಲ ಕಟ್ಟಿ ವಾಪಸ್ ಕೊಡುತ್ತಾರೆ. ವಾಟ್ಸಾಪಿನಲ್ಲಿ ಕಳಿಸಿದ್ದನ್ನು ಇಳಿಸಿಕೊಂಡು ಅಲ್ಲಿಂದಲೂ ಅಳಿಸುತ್ತಾರೆ. ಅಂಗಡಿಗೆ ಸಹಾಯಕ್ಕೆ ಬರುವ ಹುಡುಗನಿಗೂ ಇದನ್ನು ಕಲಿಸಿದ್ದಾರೆ. ಒಮ್ಮೆ ಝೆರಾಕ್ಸಿಗೆ ಬಂದ ಯಾರೋ ಬೆಂಚಿನ ಮೇಲಿದ್ದ ಕರಡು ಎತ್ತಿಕೊಂಡು ಓದತೊಡಗಿದರು. ಆ ಹುಡುಗ 'ಅದು ಅವರದ ರೀ ಕಾಕಾ' ಅಂದು ಮೆಲ್ಲಗೆ ಕೈಯಿಂದ ತೆಗೆದುಕೊಂಡ. ಒಂದು ಡಿಟಿಪಿ ಅಂಗಡಿಯಿಂದ ನಾನು ಬಯಸುವುದು ಇದಕ್ಕಿಂತ ಹೆಚ್ಚೇನಿಲ್ಲ.

ಕೊರತೆ ಇಲ್ಲವೇ? ಇದೆ. ಮುಖಪುಟ ಸಾಧಾರಣ. ಇವರ ಕಂಪ್ಯೂಟರಿನಲ್ಲಿ ಇರುವುದು ಸೂರ್ಯ, ದೀಪ, ಹಾರುವ ಹಕ್ಕಿ, ಗುಲಾಬಿ, ಇಂಥದ್ದೇ. ಗೊಂಬೆ ಮಾಡುವ ಅಜ್ಜನ ಪುಸ್ತಕಕ್ಕೆ ಹಾರುವ ಹಕ್ಕಿ ಹಾಕಲು ಹೊರಟಿದ್ದರು. ಮಕ್ಕಳು ಅಜ್ಜನ ಕೈಯ ಫೋಟೋ ತೆಗೆದುಕೊಂಡು ಹೋದ ಮೇಲೆ ಸರಿಹೋಯಿತು. ಮುಖಪುಟ ನೀವೇ ಯೋಚನೆ ಮಾಡಿಕೊಂಡು ಹೋಗಿ. ಒಳಪುಟದ ಫೋಟೋಗಳು ಕಪ್ಪು ಬಿಳುಪಿನಲ್ಲಿ ಮಸಿ ಬಳಿದಂತೆ ಬರುತ್ತವೆ, ಹಳೆ ಫೋಟೋ ಅಂದರೆ ಮುಖವೇ ಕಾಣುವುದಿಲ್ಲ. ಫೋಟೋ ಮುಖ್ಯ ಅನ್ನುವವರು ಆ ಪುಟಗಳನ್ನಷ್ಟೇ ಬೇರೆ ಕಡೆ ಬಣ್ಣದಲ್ಲಿ ತೆಗೆಸಿ ಇಲ್ಲಿ ಸೇರಿಸುವುದು ಒಳ್ಳೆಯದು. ಇವರೇ ಹಾಗೆ ಹೇಳುತ್ತಾರೆ. ವೇಗವೂ ಕಡಿಮೆ. ನಾಳೆ ಬೇಕು ಅನ್ನುವವರಿಗೆ ಈ ಅಂಗಡಿ ಅಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಯುಪಿಎಸ್ ಕಂಪ್ಯೂಟರಿಗೆ ಮಾತ್ರ, ಫ್ಯಾನ್ ತಿರುಗುವುದಿಲ್ಲ, ಆ ತಗಡಿನ ಕೆಳಗೆ ಐದು ಮಕ್ಕಳು ಕೂರುವುದು ಶಿಕ್ಷೆಯೇ. ಮೆಟ್ಟಿಲು ಕಡಿದಾಗಿದೆ, ಹಿರಿಯರನ್ನು ಕರೆದುಕೊಂಡು ಹೋಗಲು ಆಗುವುದಿಲ್ಲ.

ದರ ನಾವು ಕೊಟ್ಟದ್ದು ಹೇಳುತ್ತೇನೆ. ಕೈಬರಹದಿಂದ ಟೈಪ್ ಮಾಡಲು ಪುಟಕ್ಕೆ 25 ರೂಪಾಯಿ. ಮಕ್ಕಳೇ ಟೈಪ್ ಮಾಡಿ ತಂದರೆ ಪುಟ ಕಟ್ಟಲು 10 ರೂಪಾಯಿ. ಮಕ್ಕಳೇ ಟೈಪ್ ಮಾಡಲಿ ಅನ್ನುವುದು ನನ್ನ ಸಲಹೆ, ದುಡ್ಡೂ ಉಳಿಯುತ್ತದೆ, ಕೈಗೆ ಕನ್ನಡವೂ ಹತ್ತುತ್ತದೆ. 64 ಪುಟದ, ಎ4 ಅರ್ಧ ಅಳತೆಯ, ದಪ್ಪ ಬಣ್ಣದ ಮುಖಪುಟದ ಪುಸ್ತಕಕ್ಕೆ ಪ್ರತಿಗೆ 65 ರೂಪಾಯಿ ಬಿತ್ತು. ನಡುವೆ ಪಿನ್ ಹೊಡೆಸಿದ್ದು. ನೂರು ಪುಟ ದಾಟಿದರೆ ಮಾತ್ರ ಅಂಟಿನ ಬೈಂಡಿಂಗ್ ಮಾಡಿಸಿ, ತೆಳ್ಳಗಿನದಕ್ಕೆ ಅದು ನಿಲ್ಲುವುದಿಲ್ಲ, ಎರಡು ಸಲ ತೆರೆದರೆ ಹಾಳೆ ಕಿತ್ತು ಬರುತ್ತದೆ. ಸ್ಪೈರಲ್ ಬೇಡವೇ ಬೇಡ. ಅದು ಆಫೀಸಿಗೆ ಕೊಡುವ ವರದಿಗೆ ಸರಿ. ಅಜ್ಜಿಯ ಮನೆಯ ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯಲ್ಲಿ ಇಡುವುದಕ್ಕೆ ತೆಳ್ಳಗೆ ಚಪ್ಪಟೆ ಇರಬೇಕು.

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಲೆಕ್ಕದಲ್ಲಿ ಬರಬೇಕು. ಒಂದು ಗುಂಪಿನದು 61 ಪುಟಕ್ಕೆ ನಿಂತಿತ್ತು, ಮೂರು ಪುಟ ಖಾಲಿ. ಮಕ್ಕಳು ಕವನ ಹಾಕೋಣ ಅಂದರು. ಮಾಲೀಕರು 'ನೀವು ಏನೇನ್ ಕೇಳಿದ್ರಿ, ಆ ಪ್ರಶ್ನಿ ಹಾಕ್ರಲ್ಲ' ಅಂದರು. ಎಂಥ ಒಳ್ಳೆಯ ಮಾತು! ಉತ್ತರ ಮಾತ್ರ ಇರುವ ಪುಸ್ತಕದಲ್ಲಿ ಕೇಳಿದವರು ಮರೆಯಾಗುತ್ತಾರೆ. ಪ್ರಶ್ನೆ ಹಾಕಿದರೆ ಯಾರು ಏನು ಕೇಳಿದ್ದಕ್ಕೆ ಈ ಮಾತು ಬಂತು ಅಂತ ಓದುವವರಿಗೆ ತಿಳಿಯುತ್ತದೆ. ಮುಂದಿನ ವರ್ಷದ ಮಕ್ಕಳಿಗೂ ದಾರಿ ಆಗುತ್ತದೆ. ಈಗ ನಮ್ಮ ಎಲ್ಲ ಪುಸ್ತಕದ ಕೊನೆಗೂ ಪ್ರಶ್ನೆಗಳ ಪುಟ ಇರುತ್ತದೆ, ಉತ್ತರ ಸಿಗದ ಪ್ರಶ್ನೆಗಳೂ ಅದರಲ್ಲಿ ಇರುತ್ತವೆ.

ಅಂಕದ ವಿಷಯ ಒಂದಿಷ್ಟು, ಯಾಕಂದರೆ ಮೇಷ್ಟ್ರುಗಳು ಕೇಳುವುದು ಅದನ್ನೇ. ಗುಂಪಿನಲ್ಲಿ ಇಬ್ಬರು ದುಡಿದು ಮೂವರು ಹೆಸರು ಹಾಕಿಸಿಕೊಳ್ಳುವುದು ಎಲ್ಲ ಕಡೆ ಇದೆ. ನಾನು ಪುಸ್ತಕಕ್ಕೆ ಅರ್ಧ ಅಂಕ ಗುಂಪಿಗೆ ಒಟ್ಟಾಗಿ ಕೊಡುತ್ತೇನೆ. ಉಳಿದ ಅರ್ಧ, ಪ್ರತಿಯೊಬ್ಬರೂ ಬೇರೆ ಬೇರೆ ಬರೆದುಕೊಡುವ ಎರಡು ಪುಟಕ್ಕೆ: ನಾನು ಏನು ಕೇಳಿಸಿಕೊಂಡೆ, ನನಗೆ ಕೇಳದೆ ಉಳಿದದ್ದು ಏನು. ಒಂದೇ ಕೋಣೆಯಲ್ಲಿ ಕೂತ ಐವರು ಬರೆದ ಈ ಎರಡು ಪುಟ ಒಂದರ ಹಾಗೆ ಒಂದು ಇರುವುದಿಲ್ಲ. ನೀರಿಗೆ ಊರು ಬಿಟ್ಟ ಅಜ್ಜಿಯ ಕಥೆಯಲ್ಲಿ ನಾಲ್ವರು ಮುಳುಗಿದ ಮನೆ, ಗುಡಿ, ಹೊಲದ ಬಗ್ಗೆ ಬರೆದರು. ಐದನೆಯವಳು ಬರೆದದ್ದು, ಹೊಸ ಜಾಗದಲ್ಲಿ ಬಾವಿ ನೀರು ಉಪ್ಪಾಗಿತ್ತು, ಬೇಳೆ ಬೇಯುತ್ತಿರಲಿಲ್ಲ ಅಂತ ಅಜ್ಜಿ ನಡುವೆ ಒಮ್ಮೆ ಅಂದ ಮಾತು. ಆ ಹುಡುಗಿ ಗುಂಪಿನಲ್ಲಿ ಮಾತೇ ಆಡುವುದಿಲ್ಲ ಅಂತ ಉಳಿದವರ ದೂರು ಇತ್ತು. ಈ ಎರಡು ಪುಟವನ್ನು ಅಂಗಡಿಗೆ ಕೊಡುವುದಿಲ್ಲ, ಅದು ಕೈಬರಹದಲ್ಲೇ ನನ್ನ ಹತ್ತಿರ ಇರುತ್ತದೆ.

ಪೂರ್ತಿ ಪ್ರಾಜೆಕ್ಟ್ ಬರೆದುಕೊಡಿ, ಎಷ್ಟಾಗುತ್ತದೆ ಅಂತ ಕೇಳಿಕೊಂಡು ಬರುವ ಮಕ್ಕಳೂ ಇದ್ದಾರೆ. ಬರೆದುಕೊಡುವ ಅಂಗಡಿಗಳೂ ಇವೆ, ಎಲ್ಲರಿಗೂ ಗೊತ್ತು. ಈ ಅಂಗಡಿಯಲ್ಲಿ ಅದು ನಡೆಯುವುದಿಲ್ಲ. 'ಟೈಪ್ ಮಾಡ್ತೀನಿ, ಬಾಳೇವು ಮಾಡಾಕ ಬರೂದಿಲ್ಲ' ಅಂದು ಕಳಿಸುತ್ತಾರೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಹಿಡಿದದ್ದು ಫೋಟೋ ಮತ್ತು ಮುಖಪುಟಕ್ಕೆ. ಬೆಳಿಗ್ಗೆ ಹತ್ತರ ನಂತರ ಹೋಗಿ. ಮಧ್ಯಾಹ್ನ ಊಟಕ್ಕೆ ಮುಚ್ಚುತ್ತಾರೆ. ಜನವರಿಯಲ್ಲಿ ಗವಿಮಠದ ಜಾತ್ರೆ ಇದ್ದಾಗ ಆ ರಸ್ತೆಗೆ ಕಾಲಿಡಲು ಆಗುವುದಿಲ್ಲ, ಅಂಗಡಿಗೂ ಬ್ಯಾನರ್, ಕರಪತ್ರದ ಕೆಲಸ ಬಂದಿರುತ್ತದೆ, ಆ ಹೊತ್ತು ಬಿಡಿ. ಪರೀಕ್ಷೆ ಅರ್ಜಿ ತುಂಬುವ ದಿನಗಳಲ್ಲೂ ಬೇಡ. ಸೆಮಿಸ್ಟರ್ ಮುಗಿಯುವುದಕ್ಕೆ ತಿಂಗಳು ಮೊದಲೇ ಕೈಬರಹ ಕೊಟ್ಟುಬಿಡಿ. ಹೋಗುವಾಗ ರೆಕಾರ್ಡಿಂಗ್ ಇರುವ ಫೋನ್ ಮತ್ತು ಇಯರ್‌ಫೋನ್ ತಪ್ಪದೆ ಒಯ್ಯಿರಿ. ಪುಟಕ್ಕೆ ನಂಬರ್ ಹಾಕಿಕೊಳ್ಳಿ. ಹಿರಿಯರು ಒಪ್ಪಿ ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಕಾಗದದ ಒಂದು ಪ್ರತಿಯನ್ನೂ ಇಟ್ಟುಕೊಳ್ಳಿ, ಈಗೀಗ ಮಾಲೀಕರು ಅದನ್ನು ನೋಡದೆ ಕೆಲಸ ಹಿಡಿಯುವುದಿಲ್ಲ.